ಮಗುವಿನ ಹೃದಯದ ಅನುಮಾನಕ್ಕೆ ಎದೆಯ ಎಕ್ಸ್‌ರೇ: ಮಲೆನಾಡಿನಲ್ಲಿ ಬೇಕಾ, ಬೇಡ್ವಾ?

ಹುಟ್ಟುವ 1000 ಮಕ್ಕಳಲ್ಲಿ ಸುಮಾರು 8ರಿಂದ 10 ಮಕ್ಕಳಿಗೆ ಹೃದಯದಲ್ಲಿ ಹುಟ್ಟಿನಿಂದಲೇ ಏನಾದರೊಂದು ದೋಷ ಇರುತ್ತದೆ. ಅಂಥ ಅನುಮಾನ ಬಂದಾಗ ಮೊದಲು ಎದೆಯ ಎಕ್ಸ್‌ರೇ ತೆಗೆಸಬೇಕಾ? ಅಥವಾ ಅದನ್ನು ಬಿಟ್ಟು ನೇರವಾಗಿ ಎಕೋ ಪರೀಕ್ಷೆಗೆ, ಅಂದರೆ ಶಬ್ದದ ಅಲೆಯಿಂದ ಹೃದಯದ ಒಳಗನ್ನು ನೋಡುವ ಸ್ಕ್ಯಾನಿಗೆ, ಕಳಿಸಬೇಕಾ? ಶಿವಮೊಗ್ಗದ ಸುತ್ತಲಿನ ತಾಲ್ಲೂಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡೂ ಕಡೆಯ ವಾದವನ್ನು ಬರೆದಿದ್ದೇನೆ. ನನ್ನ ಮನಸ್ಸು ವಿರೋಧದ ಕಡೆಗೆ ಸ್ವಲ್ಪ ವಾಲಿದೆ. ಹಾಗಂತ ಪರ ವಾದವನ್ನು ತಳ್ಳಿಹಾಕುವ ಹಾಗಿಲ್ಲ.

ಪರ: ಕೈಗೆ ಸಿಗುವ ಪರೀಕ್ಷೆಯನ್ನು ಯಾಕೆ ಬಿಡಬೇಕು?

ಜುಲೈ ತಿಂಗಳ ಮಳೆ. ಹೊಸನಗರ ಕಡೆಯ ಒಂದು ಹಳ್ಳಿಯಿಂದ ಎರಡು ತಿಂಗಳ ಮಗುವನ್ನು ಆಸ್ಪತ್ರೆಗೆ ತಂದಿದ್ದಾರೆ ಅಂದುಕೊಳ್ಳಿ. ಮಗು ಜೋರಾಗಿ ಉಸಿರಾಡುತ್ತಿದೆ. ಹಾಲು ಕುಡಿಯುತ್ತಾ ಕುಡಿಯುತ್ತಾ ಸುಸ್ತಾಗಿ ಬಿಡುತ್ತದೆ, ಹಣೆ ಬೆವರುತ್ತದೆ. ತೂಕ ಏರಿಲ್ಲ. ಮಳೆಗಾಲದಲ್ಲಿ ಇಂಥ ಮಗುವನ್ನು ನೋಡಿದರೆ ಯಾರಿಗಾದರೂ ಮೊದಲು ಬರುವ ಯೋಚನೆ ಕಫ, ನ್ಯುಮೋನಿಯಾ. ಇದು ಶ್ವಾಸಕೋಶದ ಕಾಯಿಲೆಯಾ, ಹೃದಯದ್ದಾ? ಡಾಕ್ಟರು ಆಗಲೇ ತೀರ್ಮಾನ ಮಾಡಬೇಕು.

ಇಲ್ಲಿ ಎಕ್ಸ್‌ರೇ ಕೆಲಸಕ್ಕೆ ಬರುತ್ತದೆ. ಅದು ಹೃದಯದ ಒಳಗಿನ ರಂಧ್ರವನ್ನು ತೋರಿಸುವುದಿಲ್ಲ, ನಿಜ. ಆದರೆ ಆ ರಂಧ್ರದಿಂದ ಶ್ವಾಸಕೋಶಕ್ಕೆ ಏನಾಗಿದೆ ಅನ್ನುವುದನ್ನು ತೋರಿಸುತ್ತದೆ. ಒಂದು ಕಡೆ ಬಿಳಿ ಮಚ್ಚೆ ಕಂಡರೆ ನ್ಯುಮೋನಿಯಾ ಇರಬಹುದು. ಎರಡೂ ಕಡೆ ರಕ್ತನಾಳಗಳು ದಪ್ಪವಾಗಿ ಅಂಚಿನವರೆಗೂ ಹರಡಿ, ಹೃದಯವೂ ದೊಡ್ಡದಾಗಿ ಕಂಡರೆ, ಶ್ವಾಸಕೋಶಕ್ಕೆ ರಕ್ತ ಜಾಸ್ತಿ ನುಗ್ಗುತ್ತಿದೆ ಎಂದು ಅರ್ಥ. ಕೆಳಗಿನ ಎರಡು ಕೋಣೆಗಳ ನಡುವೆ ದೊಡ್ಡ ರಂಧ್ರ ಇದ್ದಾಗ ಹೀಗಾಗುತ್ತದೆ. ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಿದ್ದ ನಾಳ ತೆರೆದೇ ಉಳಿದಾಗಲೂ ಹೀಗಾಗುತ್ತದೆ. ಮಗುವಿನ ತುಟಿ, ಮೈ ನೀಲಿಯಾಗಿದ್ದು ಫಿಲ್ಮಿನಲ್ಲಿ ಶ್ವಾಸಕೋಶ ಕಪ್ಪಾಗಿ, ನಾಳಗಳು ಬಡಕಲಾಗಿ ಕಂಡರೆ, ಅಲ್ಲಿಗೆ ರಕ್ತ ಸಾಲುತ್ತಿಲ್ಲ. ಒಂದೇ ಫಿಲ್ಮ್ ಡಾಕ್ಟರನ್ನು ಸರಿಯಾದ ದಾರಿಗೆ ತಿರುಗಿಸಬಲ್ಲದು.

ಆಗತಾನೆ ಹುಟ್ಟಿದ ಮಗು ಏದುಸಿರು ಬಿಡುತ್ತಿದ್ದರೆ ಎಕ್ಸ್‌ರೇ ಇನ್ನೂ ಮುಖ್ಯ. ಎದೆಗೂಡಿನಲ್ಲಿ ಗಾಳಿ ಸೇರಿ ಶ್ವಾಸಕೋಶ ಕುಸಿದಿರಬಹುದು. ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯಾದ ವಪೆಯಲ್ಲಿ ತೂತಿದ್ದು ಕರುಳು ಎದೆಗೆ ಏರಿರಬಹುದು. ಇವನ್ನು ಎಕ್ಸ್‌ರೇ ನಿಮಿಷಗಳಲ್ಲಿ ಹೇಳುತ್ತದೆ. ಇಂಥ ಹೊತ್ತಲ್ಲಿ ಎಕೋ ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಾ ಕೂತರೆ ಮಗು ಉಳಿಯುವುದಿಲ್ಲ. ಹೃದಯ ಬಲಗಡೆ ಇದೆಯಾ, ಹೊಟ್ಟೆಯ ಗಾಳಿಗುಳ್ಳೆ ಎಡಗಡೆಯೇ ಇದೆಯಾ ಅನ್ನುವುದೂ ಅದೇ ಫಿಲ್ಮಿನಲ್ಲಿ ಗೊತ್ತಾಗುತ್ತದೆ.

ಎಕ್ಸ್‌ರೇ ಓದಿಯೇ ಮಕ್ಕಳ ಹೃದ್ರೋಗ ಶಾಸ್ತ್ರ ಬೆಳೆಯಿತು ಅನ್ನುವುದನ್ನು ಮರೆಯಬಾರದು. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಹೆಲೆನ್ ಟಾಸಿಗ್ ಎಂಬ ವೈದ್ಯೆ ಇದ್ದರು. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಮಗುವಿನ ಎದೆಯ ಮೇಲೆ ಬೆರಳಿಟ್ಟು ಬಡಿತ ತಿಳಿಯುತ್ತಿದ್ದರು. ಎಕ್ಸ್‌ರೇ ಪರದೆಯ ಮೇಲೆ ಆ ಪುಟ್ಟ ಹೃದಯ ಆಡುವುದನ್ನು ನೋಡಿ ನೋಡಿ, ನೀಲಿ ಮಕ್ಕಳಿಗೆ ಕಡಿಮೆಯಾಗಿರುವುದು ಶ್ವಾಸಕೋಶಕ್ಕೆ ಹೋಗುವ ರಕ್ತ ಎಂದು ಕಂಡುಕೊಂಡರು. 1944ರ ನವೆಂಬರ್ 29ರಂದು ಅಲ್ಲಿನ ಶಸ್ತ್ರವೈದ್ಯ ಆಲ್ಫ್ರೆಡ್ ಬ್ಲಾಲಾಕ್ ಅಂಥ ಒಂದು ಮಗುವಿಗೆ ಶ್ವಾಸಕೋಶಕ್ಕೆ ರಕ್ತ ಹೆಚ್ಚಿಸುವ ಆಪರೇಷನ್ ಮಾಡಿದರು. ಆ ವಿಧಾನವನ್ನು ಪ್ರಯೋಗಾಲಯದಲ್ಲಿ ಪಳಗಿಸಿದ್ದ ವಿವಿಯನ್ ಥಾಮಸ್ ಪಕ್ಕದಲ್ಲೇ ನಿಂತು ಹೇಳಿಕೊಟ್ಟರು. ಆಗ ಎಕೋ ಅನ್ನುವುದೇ ಇರಲಿಲ್ಲ.

ಕಿರಣದ ಭಯ? ದೊಡ್ಡವರ ಒಂದು ಎದೆ ಎಕ್ಸ್‌ರೇಯಲ್ಲಿ ಬೀಳುವುದು ಸುಮಾರು 0.02 ಮಿಲಿಸೀವರ್ಟ್. ಭೂಮಿಯಿಂದ, ಆಕಾಶದಿಂದ ನಮ್ಮ ಮೇಲೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ಬೀಳುತ್ತಿರುತ್ತದೆ. ಅಂದರೆ ಮೂರು ದಿನದ ಲೆಕ್ಕ.

ದೂರದ ಮಾತೂ ಇದೆ. ಶಿವಮೊಗ್ಗದಿಂದ ಬೆಂಗಳೂರಿನ ಜಯದೇವ ಆಸ್ಪತ್ರೆ ಹತ್ತಿರ ಹತ್ತಿರ 300 ಕಿಲೋಮೀಟರ್. ತೀರ್ಥಹಳ್ಳಿಯವರು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುತ್ತಾರೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವ ತನಕ ತುಮರಿ ಕಡೆಯವರು ಲಾಂಚಿಗೆ ಕಾಯಬೇಕಿತ್ತು, ಇಲ್ಲವೇ ಕಾಡು ಸುತ್ತಿ ಬರಬೇಕಿತ್ತು. ಅಡಿಕೆಗೆ ಮದ್ದು ಹೊಡೆಯುವ ದಿನಗಳಲ್ಲಿ ಅಪ್ಪ ಆದವನು ಕೂಲಿ ಬಿಟ್ಟು ದೂರದ ಊರಿಗೆ ಹೊರಡಬೇಕಾದರೆ ಗಟ್ಟಿ ಕಾರಣ ಬೇಕು. ಫಿಲ್ಮ್ ಬೆಳಕಿಗೆ ಹಿಡಿದು "ನೋಡಿ ಅಣ್ಣ, ಹೃದಯ ಇಷ್ಟು ದೊಡ್ಡದಾಗಿದೆ, ನಾಳೆಯೇ ಹೊರಡಿ" ಅಂದರೆ ಮನೆಯವರಿಗೆ ನಾಟುತ್ತದೆ. ಅದರ ಫೋಟೋ ತೆಗೆದು ದೊಡ್ಡಾಸ್ಪತ್ರೆಯ ಡಾಕ್ಟರಿಗೆ ವಾಟ್ಸಾಪಿನಲ್ಲಿ ಕಳಿಸಿ ಕೇಳಬಹುದು. ಇಷ್ಟೆಲ್ಲ ಉಪಯೋಗಕ್ಕೆ ಬರುವ ಪರೀಕ್ಷೆಯನ್ನು ಹಳೇದು ಅಂತ ಬಿಡುವುದು ಬಡವರ ಮಕ್ಕಳಿಗೆ ಮಾಡುವ ಅನ್ಯಾಯ.

ವಿರೋಧ: "ನಾರ್ಮಲ್ ಇದೆ" ಅನ್ನುವ ಮಾತೇ ಅಪಾಯ

ಮೇಲಿನ ಮಗುವಿಗೆ ಎಕ್ಸ್‌ರೇ ತೆಗೆಯಲಿ, ನನ್ನ ತಕರಾರಿಲ್ಲ. ಉಸಿರು ಕಟ್ಟುತ್ತಿರುವ ಮಗುವಿನ ಶ್ವಾಸಕೋಶ ನೋಡಲೇಬೇಕು. ನನ್ನ ತಕರಾರು ಇರುವುದು ಬೇರೆ ಮಗುವಿನ ವಿಷಯದಲ್ಲಿ. ನೋಡಲು ಚೆನ್ನಾಗಿದೆ, ಆಡುತ್ತದೆ, ಆದರೆ ಡಾಕ್ಟರ ಕಿವಿಗೆ ಎದೆಯಲ್ಲಿ ಮರ್ಮರ, ಅಂದರೆ ಹೃದಯದ ಬಡಿತದ ಜೊತೆ ಸುಯ್ಯೆನ್ನುವ ಶಬ್ದ, ಕೇಳಿಸಿದೆ. "ಒಂದು ಎಕ್ಸ್‌ರೇ ತೆಗೆಸಿ ನೋಡೋಣ" ಅನ್ನುತ್ತಾರೆ. ಫಿಲ್ಮ್ ಚೆನ್ನಾಗಿಯೇ ಬರುತ್ತದೆ. ಆಮೇಲೆ ಮನೆಯಲ್ಲಿ ಅಜ್ಜಿ ಹೇಳುತ್ತಾರೆ, "ಎಕ್ಸ್‌ರೇ ತೆಗ್ಸಿದ್ದಾಯ್ತಲ್ಲ ಮಾರಾಯ್ತಿ, ಎಂತದೂ ಇಲ್ಲ ಅಂದ್ರಲ್ಲ ಡಾಕ್ಟ್ರು. ಮತ್ತೆಂತಕ್ಕೆ ಬೆಂಗಳೂರು?" ಅಜ್ಜಿಯ ತಪ್ಪೇನಿದೆ? ಯಂತ್ರವೇ ಹೇಳಿದ ಮೇಲೆ ಮುಗಿಯಿತು ಅಲ್ವಾ?

ಆದರೆ ಆ ಫಿಲ್ಮ್ ಏನೂ ಹೇಳಿರಲೇ ಇಲ್ಲ. ಎಕ್ಸ್‌ರೇ ಅಂದರೆ ನೆರಳು. ಮನೆಯ ನೆರಳು ನೋಡಿ ಒಳಗಿನ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಹೇಳಲಾದೀತೆ? ಸಣ್ಣ ರಂಧ್ರ, ಸ್ವಲ್ಪ ಕಿರಿದಾದ ಕವಾಟ ಇವೆಲ್ಲ ಇದ್ದರೂ ಫಿಲ್ಮ್ ಪೂರ್ತಿ ಚೆನ್ನಾಗಿ ಕಾಣಬಹುದು.

ಇದು ಯಾಕೆ ಹೀಗೆ ಅನ್ನುವುದನ್ನು ತಿಳಿದರೆ ಭಯ ಇನ್ನೂ ಜಾಸ್ತಿ. ಹೊಟ್ಟೆಯಲ್ಲಿದ್ದಾಗ ಮಗುವಿನ ಶ್ವಾಸಕೋಶಕ್ಕೆ ಹೆಚ್ಚು ರಕ್ತ ಹೋಗುವುದಿಲ್ಲ, ಅಲ್ಲಿನ ನಾಳಗಳು ಬಿಗಿಯಾಗಿರುತ್ತವೆ. ಹುಟ್ಟಿದ ಮೇಲೆ ಅವು ಸಡಿಲವಾಗಲು ಕೆಲವು ವಾರ ಬೇಕು. ಹಾಗಾಗಿ ಹೃದಯದಲ್ಲಿ ದೊಡ್ಡ ರಂಧ್ರವೇ ಇದ್ದರೂ ಮೊದಲ ದಿನಗಳಲ್ಲಿ ಅದರ ಮೂಲಕ ಹೆಚ್ಚು ರಕ್ತ ನುಗ್ಗುವುದಿಲ್ಲ. ಎರಡನೇ ದಿನದ ಎಕ್ಸ್‌ರೇಯಲ್ಲಿ ಹೃದಯ ಸಣ್ಣದಾಗಿಯೇ ಇರುತ್ತದೆ. ತಾಯಿ ಮಗು ಮನೆಗೆ ಹೋಗುತ್ತಾರೆ. ಬಾಣಂತನ ಮುಗಿಯುವ ಹೊತ್ತಿಗೆ ಮಗುವಿಗೆ ಏದುಸಿರು ಶುರುವಾಗುತ್ತದೆ. ಅಷ್ಟಾದರೂ ಆದರೆ ಪುಣ್ಯ, ಆಸ್ಪತ್ರೆಗೆ ತರುತ್ತಾರೆ. ಕೆಲವು ಮಕ್ಕಳು ಹೇಗೋ ತಡೆದುಕೊಂಡು ಬೆಳೆಯುತ್ತಾರೆ. ಆಗ ವರ್ಷಗಟ್ಟಲೆ ಒತ್ತಡ ತಿಂದು ಶ್ವಾಸಕೋಶದ ನಾಳಗಳು ಶಾಶ್ವತವಾಗಿ ಗಡುಸಾಗುತ್ತವೆ. ಆ ಹಂತ ಮುಟ್ಟಿದ ಮೇಲೆ ರಂಧ್ರ ಮುಚ್ಚುವ ಆಪರೇಷನ್ ಮಾಡಲಿಕ್ಕೇ ಆಗುವುದಿಲ್ಲ. ಮೊದಲ ವರ್ಷದಲ್ಲಿ ಗುಣವಾಗಬಹುದಿದ್ದ ಮಗು ಅದು.

ಒಂದೊಂದು ದೋಷಕ್ಕೆ ಫಿಲ್ಮಿನಲ್ಲಿ ಒಂದೊಂದು ಆಕಾರ ಕಾಣುತ್ತದೆ ಎಂದು ಪುಸ್ತಕಗಳಲ್ಲಿ ಚಂದದ ಚಿತ್ರಗಳಿವೆ: ಬೂಟಿನ ಆಕಾರದ ಹೃದಯ, ದಾರಕ್ಕೆ ಕಟ್ಟಿದ ಮೊಟ್ಟೆಯಂಥದ್ದು, ಹಿಮದ ಗೊಂಬೆಯಂಥದ್ದು. ಪರೀಕ್ಷೆಗೆ ಓದುವವರು ಬಾಯಿಪಾಠ ಮಾಡುತ್ತಾರೆ. ನಿಜವಾದ ಮಕ್ಕಳಲ್ಲಿ ಇವು ಎಷ್ಟೋ ಸಲ ಕಾಣುವುದೇ ಇಲ್ಲ. ಮಹಾಧಮನಿ, ಅಂದರೆ ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳ, ಕಿರಿದಾದವರ ಪಕ್ಕೆಲುಬಿನಲ್ಲಿ ಕಚ್ಚು ಬೀಳುತ್ತದೆ ಅನ್ನುತ್ತಾರೆ. ಅದು ಕಾಣುವುದು ಮಗು ಶಾಲೆಗೆ ಹೋಗುವ ವಯಸ್ಸಾದ ಮೇಲೆ. ಆ ದೋಷ ತೀವ್ರವಾಗಿದ್ದರೆ ಮಗು ಮೊದಲ ವಾರಗಳಲ್ಲೇ ಕುಸಿದುಬಿಡುತ್ತದೆ.

ತಪ್ಪು ಗಾಬರಿಯೂ ಕಡಿಮೆಯಲ್ಲ. ಎಳೆ ಮಕ್ಕಳ ಎದೆಯಲ್ಲಿ ಥೈಮಸ್ ಗ್ರಂಥಿ ದೊಡ್ಡದಾಗಿರುತ್ತದೆ. ಅದರ ನೆರಳು ಹೃದಯದ ನೆರಳಿಗೆ ಸೇರಿಕೊಂಡು ಹೃದಯ ಊದಿದ ಹಾಗೆ ಕಾಣುತ್ತದೆ. ಮಗು ಅಳುತ್ತಾ ಉಸಿರು ಬಿಟ್ಟ ಕ್ಷಣಕ್ಕೆ ಫಿಲ್ಮ್ ತೆಗೆದರೂ ಅಷ್ಟೇ, ಮಲಗಿಸಿ ಮುಂದಿನಿಂದ ತೆಗೆದರೂ ಅಷ್ಟೇ. ದೊಡ್ಡವರಲ್ಲಿ ಹೃದಯ ಎದೆಯ ಅಗಲದ ಅರ್ಧಕ್ಕಿಂತ ಜಾಸ್ತಿ ಇದ್ದರೆ ದೊಡ್ಡದು. ಹೊಸ ಮಗುವಿನಲ್ಲಿ ಶೇಕಡ 60ರ ತನಕವೂ ಸಹಜ. ಈ ವ್ಯತ್ಯಾಸ ನೆನಪಿಡದೆ ಓದಿದರೆ, ಏನೂ ಇಲ್ಲದ ಮಗುವನ್ನು ಎತ್ತಿಕೊಂಡು ಮನೆಯವರು ಸಾಲ ಮಾಡಿ ಊರೂರು ಅಲೆಯುತ್ತಾರೆ.

ಟಾಸಿಗ್ ಅವರ ಬಗ್ಗೆ ನನಗೂ ಅಪಾರ ಗೌರವ. ಅವರು ಎಕ್ಸ್‌ರೇ ನೆಚ್ಚಿದ್ದು ಬೇರೆ ದಾರಿ ಇಲ್ಲದಾಗ. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮತ್ ಹರ್ಟ್ಸ್, ಹಡಗುಕಟ್ಟೆಯಲ್ಲಿ ಲೋಹದ ಬಿರುಕು ಹುಡುಕುವ ಯಂತ್ರವನ್ನು ಎರವಲು ತಂದು, ಶಬ್ದದ ಅಲೆಯಿಂದ ಹೃದಯದ ಚಲನೆ ದಾಖಲಿಸಿದರು. ಇವತ್ತಿನ ಎಕೋದಲ್ಲಿ ರಂಧ್ರ ಎಷ್ಟು ದೊಡ್ಡದು, ರಕ್ತ ಯಾವ ಕಡೆಗೆ ಹರಿಯುತ್ತಿದೆ ಅನ್ನುವುದು ಬಣ್ಣದಲ್ಲೇ ಕಾಣುತ್ತದೆ. ಕಿರಣದ ಮಾತೇ ಇಲ್ಲ. ಎಕ್ಸ್‌ರೇ ಏನೇ ಹೇಳಲಿ, ಕೊನೆಗೆ ಮಗುವಿಗೆ ಎಕೋ ಆಗಲೇಬೇಕು.

ಎಕೋ ದೂರ ಇದೆ, ನಿಜ. ಆದರೆ ಆ ದೂರವನ್ನು ಎಕ್ಸ್‌ರೇ ಕಡಿಮೆ ಮಾಡುವುದಿಲ್ಲ. ಯಾವ ಮಗುವನ್ನು ಕಳಿಸಬೇಕು ಎಂದು ತಿಳಿಯಲು ಅದಕ್ಕಿಂತ ಸುಲಭದ ದಾರಿ ಇದೆ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದಿತ್ತಲ್ಲ, ಪಲ್ಸ್ ಆಕ್ಸಿಮೀಟರ್. ಮಗು ಹುಟ್ಟಿ 24 ಗಂಟೆ ಆದ ಮೇಲೆ ಬಲಗೈಗೆ ಒಂದು ಸಲ, ಕಾಲಿಗೆ ಒಂದು ಸಲ ಹಾಕಿ ನೋಡಬೇಕು. ಎಳೆ ಮಕ್ಕಳಿಗೆ ಆಗುವ ಪಟ್ಟಿಯೇ ಬೇಕು, ದೊಡ್ಡವರ ಬೆರಳಿನ ಕ್ಲಿಪ್ ಆಗುವುದಿಲ್ಲ. ರಕ್ತದ ಆಮ್ಲಜನಕ ಶೇಕಡ 95ಕ್ಕಿಂತ ಕಡಿಮೆ ಇದ್ದರೆ, ಅಥವಾ ಎರಡರ ನಡುವೆ 3ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ, ಮತ್ತೆ ನೋಡಬೇಕು. 90ಕ್ಕಿಂತ ಕೆಳಗಿದ್ದರೆ ಕಾಯುವ ಹಾಗೇ ಇಲ್ಲ. ಕಿರಿದಾದ ಮಹಾಧಮನಿ ಇದರಲ್ಲೂ ತಪ್ಪಿಸಿಕೊಳ್ಳಬಹುದು. ಅದಕ್ಕೆ ತೊಡೆಸಂದಿಯ ನಾಡಿ ಮುಟ್ಟಿ ನೋಡಬೇಕು. ಬೆರಳು ಸಾಕು.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬರುತ್ತವೆ. ಹೃದಯದ ಹುಟ್ಟು ದೋಷವೂ ಅವರ ಪಟ್ಟಿಯಲ್ಲಿದೆ. ಅವರು ಅನುಮಾನಪಟ್ಟ ಮಗುವಿಗೆ "ಮೊದಲು ಎಕ್ಸ್‌ರೇ ಮಾಡಿಸಿಕೊಂಡು ಬನ್ನಿ" ಅನ್ನುವ ಬದಲು ಎಕೋಗೆ ತಾರೀಖು ಕೊಡಲಿ. ಸಾಗರ, ತೀರ್ಥಹಳ್ಳಿ, ಶಿಕಾರಿಪುರದಲ್ಲಿ ತಿಂಗಳಿಗೊಂದು ದಿನವಾದರೂ ಮಕ್ಕಳ ಎಕೋ ಮಾಡಬಲ್ಲ ಡಾಕ್ಟರು ಬಂದು ಕೂರುವ ಹಾಗಾಗಲಿ. ಅಲ್ಲಿಯ ತನಕ, ಎಕ್ಸ್‌ರೇ ತೆಗೆಯಲೇಬೇಕಾದ ಕಡೆ ಚೀಟಿಯ ಮೇಲೆ ಒಂದು ಸಾಲು ಕನ್ನಡದಲ್ಲಿ ಬರೆದುಕೊಡಿ: "ಎಕ್ಸ್‌ರೇ ಸರಿ ಇದ್ದರೂ ಎಕೋ ಮಾಡಿಸಬೇಕು." ಅಜ್ಜಿಗೂ ಅದನ್ನು ಓದಿ ಹೇಳಿ.