ಸತ್ಯಾಂಶ: 192 ಕಿಲೋಹರ್ಟ್ಸ್ ರೆಕಾರ್ಡರ್ ಇದ್ದರೇನೇ ಸದ್ದು ಸ್ಪಷ್ಟವೇ?

'192 ಕಿಲೋಹರ್ಟ್ಸ್ ರೆಕಾರ್ಡರ್ ಕೊಂಡರೆ ಮಾತ್ರ ಸುತ್ತಲಿನ ಸದ್ದು ಸ್ಪಷ್ಟ' ಎಂಬ ವಾಟ್ಸಾಪ್ ಸಂದೇಶ ಸರಿಯಲ್ಲ. ಈ ಸಂಖ್ಯೆ ಸ್ಯಾಂಪಲ್ ರೇಟ್, ಅಂದರೆ ರೆಕಾರ್ಡರ್ ಸದ್ದನ್ನು ಸೆಕೆಂಡಿಗೆ ಎಷ್ಟು ಸಾವಿರ ಸಲ ಅಳೆಯುತ್ತದೆ ಎಂಬುದು; ಅದರ ಅರ್ಧದಷ್ಟು ಆವರ್ತನದ ತನಕ ಸದ್ದು ದಾಖಲಾಗುತ್ತದೆ. ನಮ್ಮ ಕಿವಿಗೆ ಕೇಳುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ; 48 ಕಿಲೋಹರ್ಟ್ಸ್ ಸೆಟ್ಟಿಂಗೇ 24ರ ತನಕ ಹಿಡಿಯುತ್ತದೆ. 192ಕ್ಕೆ ಏರಿಸಿದರೆ 24 ಬಿಟ್ ಸ್ಟೀರಿಯೊ ಫೈಲು ಗಂಟೆಗೆ ಸುಮಾರು 1 ಜಿಬಿಯಿಂದ 4ಕ್ಕೆ ಉಬ್ಬುತ್ತದೆ, ಅಷ್ಟೇ.

ದುಡ್ಡು ಹಾಕಬೇಕಾದದ್ದು ಸ್ವಂತ ಗದ್ದಲ ಕಡಿಮೆಯಿರುವ ಮೈಕಿಗೆ. ಹಂಚಿನ ಮಾಡಿನಿಂದ ತೊಟ್ಟಿಕ್ಕುವ ನೀರಿನಂಥ ಮೆಲುಸದ್ದಿಗೆ ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) ಏರಿಸಿದಾಗ ಕಳಪೆ ಮೈಕಿನ 'ಸ್ಸ್' ಕೂಡ ಮೇಲೇಳುತ್ತದೆ. ಅಂಗಡಿಯಲ್ಲೇ ಇಯರ್‌ಫೋನ್ ಹಾಕಿ, ಗೇನ್ ಪೂರ್ತಿ ಏರಿಸಿ ಕೇಳಿ ನೋಡಿ.

ಮಲ್ಪೆಯ ಕಡಲಗಾಳಿಗೆ ಸ್ಪಂಜಿನ ಟೊಪ್ಪಿ ಸಾಲದು. ರೋಮದ ಹೊದಿಕೆ ಬೇಕು, 80 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ತಗ್ಗಿಸುವ ಲೋ ಕಟ್ ಕೂಡ. ಯಕ್ಷಗಾನದ ಚೆಂಡೆಗಾದರೆ ಗೇನ್ ಇಳಿಸಿ: ಮೀಟರು ಮೈನಸ್ 12 ಡೆಸಿಬಲ್ ದಾಟದಿರಲಿ, ಸೊನ್ನೆಗೆ ತಾಗಿದರೆ ಸದ್ದು ಒಡೆಯುತ್ತದೆ.