ಗಾಯಕ ದನಿ ತಗ್ಗಿಸಿದಾಗ ಫೇಡರ್ ಏರಿಸಬೇಡಿ

ಬೇಕಲದಂಥ ಕಡಲ ಕರೆಯಲ್ಲಿ ಅಮೆರಿಕದ ಕಪ್ಪು ಜನರ ಹಾಡುಗಳಾದ ಬ್ಲೂಸ್ ಮತ್ತು ಸೋಲ್‌ಗೆ ಮೂರು ದಿನದ ಸಂಗೀತೋತ್ಸವ ಯಾಕಾಗಬಾರದು ಎಂದು ಕಾಸರಗೋಡಿನ ಹುಡುಗರು ಕೇಳುವುದುಂಟು. ಧಾರಾಳ ಆಗಬಹುದು. ಜಾಗ ಇದೆ, ರೈಲು ಇದೆ, ರಾತ್ರಿಯಿಡೀ ಕೂತು ಯಕ್ಷಗಾನದ ಆಟ ನೋಡಿ ಅಭ್ಯಾಸವಿರುವ ಜನ ಇದ್ದಾರೆ. ಆದರೆ ಇಂಥ ಮಾತು ಬಂದ ಕೂಡಲೇ ಎಲ್ಲರೂ ಲೆಕ್ಕ ಹಾಕುವುದು ಎಷ್ಟು ಸಾವಿರ ವ್ಯಾಟ್ಸ್, ಎಷ್ಟು ಬಾಕ್ಸ್, ಎಲ್‌ಇಡಿ ಗೋಡೆ ಎಷ್ಟು ದೊಡ್ಡದು ಎಂದು. ನಾನು ಮೊದಲು ಕೇಳುವ ಪ್ರಶ್ನೆ ಬೇರೆ. ಗಾಯಕ ದನಿ ತಗ್ಗಿಸಿ ಪಿಸುಗುಟ್ಟುವ ಹೊತ್ತಿಗೆ ಎಲ್ಲ ಮೈಕಿನ ಸದ್ದನ್ನು ಕೂಡಿಸುವ ಮಿಕ್ಸರ್ ಮುಂದೆ ಕೂತವರ ಕೈ ಎಲ್ಲಿರುತ್ತದೆ?

ಬ್ಲೂಸ್ ಕಛೇರಿಯಲ್ಲಿ ಆ ಪಿಸುದನಿಯೇ ದೊಡ್ಡ ಘಟ್ಟ. ಮುಂಬೈ ಬಾಂದ್ರಾದ ಮೆಹಬೂಬ್ ಸ್ಟುಡಿಯೋದಲ್ಲಿ 2011ರಲ್ಲಿ ಶುರುವಾದ ಮಹೀಂದ್ರಾ ಬ್ಲೂಸ್ ಉತ್ಸವದ ಮೊದಲ ವರ್ಷದ ದೊಡ್ಡ ಕಲಾವಿದ ಬಡ್ಡಿ ಗೈ. 1936ರಲ್ಲಿ ಲೂಸಿಯಾನದಲ್ಲಿ ಹುಟ್ಟಿದವರು. ಗಿಟಾರನ್ನು ಕಿರುಚಿಸುತ್ತಾರೆ ಎಂದೇ ಹೆಸರು. ಆದರೆ ಅವರನ್ನು ಕೂತು ಕೇಳಿದವರಿಗೆ ನೆನಪಿನಲ್ಲಿ ಉಳಿಯುವುದು ಕಿರುಚಾಟ ಅಲ್ಲ. ಒಮ್ಮೆಲೇ ಬ್ಯಾಂಡಿಗೆ ಕೈ ತೋರಿಸಿ ಎಲ್ಲವನ್ನೂ ಇಳಿಸಿ, ತಂತಿಯನ್ನು ಮುಟ್ಟಿಯೂ ಮುಟ್ಟದ ಹಾಗೆ ನುಡಿಸಿ, ಮೈಕಿನಿಂದ ಹಿಂದೆ ಸರಿದು ಬರೀ ಬಾಯಲ್ಲಿ ಹಾಡುವ ಗಳಿಗೆ. ಜನ ಮಾತು ನಿಲ್ಲಿಸುತ್ತಾರೆ, ಕುತ್ತಿಗೆ ಮುಂದೆ ಚಾಚುತ್ತಾರೆ. ಆಮೇಲೆ ಬ್ಯಾಂಡ್ ಇಡಿಯಾಗಿ ಮರಳಿ ಬಂದು ಬೀಳುವಾಗ ಎದೆಗೆ ತಟ್ಟುವ ಪೆಟ್ಟಿನ ಬಲವೆಲ್ಲ ಆ ಮೌನದಿಂದ ಬಂದದ್ದು.

ಈ ಗಳಿಗೆ ನಮ್ಮಲ್ಲಿ ಹಾಳಾಗುವ ಬಗೆ ಯಾವಾಗಲೂ ಒಂದೇ. ಗಾಯಕ ದನಿ ಇಳಿಸುತ್ತಾನೆ. ಹಿಂದಿನ ಸಾಲಿನಿಂದ ಯಾರೋ "ಕೇಳ್ತಾ ಇಲ್ಲ ಮಾರಾಯ್ರೇ" ಎಂದು ಕೈ ಬೀಸುತ್ತಾರೆ. ಮೈಕಿನವರು ಮಿಕ್ಸರಿನಲ್ಲಿ ದನಿ ಏರಿಸಿ ಇಳಿಸುವ ಜಾರುಗುಂಡಿಯನ್ನು, ಅಂದರೆ ಫೇಡರನ್ನು ಒಂದು 6 ಡೆಸಿಬೆಲ್ ಏರಿಸುತ್ತಾರೆ. ಅದರೊಂದಿಗೆ ಮೈಕಿಗೆ ನುಗ್ಗುವ ಡ್ರಮ್ಮಿನ ಸದ್ದು, ಗಾಳಿಯ ಸದ್ದು, ಗಾಯಕನಿಗೆ ಕೇಳಲೆಂದು ವೇದಿಕೆಯಲ್ಲಿಟ್ಟ ಮಾನಿಟರ್ ಬಾಕ್ಸಿನ ಸದ್ದು ಎಲ್ಲವೂ ಅಷ್ಟೇ ಏರುತ್ತವೆ. ಎರಡು ಸಾಲು ಕಳೆದು ಗಾಯಕ ಪೂರ್ತಿ ಗಂಟಲಿನಲ್ಲಿ ಬಂದಾಗ ಫೇಡರ್ ಇನ್ನೂ ಮೇಲೆಯೇ ಇರುತ್ತದೆ. ಕೂಯ್ ಎಂದು ಫೀಡ್‌ಬ್ಯಾಕ್, ಇಲ್ಲವೇ ಸದ್ದು ಮಿತಿ ಮೀರದಂತೆ ತಡೆಯುವ ಲಿಮಿಟರ್ ಎಲ್ಲವನ್ನೂ ಅಮುಕಿ ಹಿಡಿದು, ಏರಬೇಕಾದ ದನಿ ಚಪ್ಪಟೆ. ಪಿಸುದನಿಯೂ ಅಬ್ಬರವೂ ಒಂದೇ ಮಟ್ಟದಲ್ಲಿ ಕೇಳಿದರೆ ಹಾಡು ಸತ್ತ ಹಾಗೆಯೇ.

ಪರಿಹಾರ ಸೌಂಡ್ ಚೆಕ್‌ನಲ್ಲಿದೆ. "ಹಲೋ, ಹಲೋ" ಎಂದು ಅರ್ಧ ದನಿಯಲ್ಲಿ ಹೇಳಿಸಿ ಗೇನ್, ಅಂದರೆ ಮೈಕಿನಿಂದ ಮಿಕ್ಸರಿಗೆ ಬರುವ ಸದ್ದಿನ ಮಟ್ಟ, ಇಡಬೇಡಿ. ಹಾಡಿನ ಅತಿ ಜೋರಿನ ಸಾಲನ್ನೇ ಬ್ಯಾಂಡಿನೊಂದಿಗೆ ಹಾಡಿಸಿ, ಅದಕ್ಕೆ ಗೇನ್ ಇಟ್ಟು, ಅದರ ಮೇಲೂ 10–12 ಡೆಸಿಬೆಲ್ ಜಾಗ ಬಿಡಿ. ಬಳಿಕ ಅತಿ ಮೆಲ್ಲನೆಯ ಸಾಲನ್ನು ಹಾಡಿಸಿ, ಒಬ್ಬರು ಕೊನೇ ಸಾಲಿಗೆ ನಡೆದು ಹೋಗಿ ಕೇಳಲಿ. ಅಲ್ಲಿ ಕೇಳದಿದ್ದರೆ ಕೊರತೆ ಇರುವುದು ಬಾಕ್ಸ್ ಇಟ್ಟ ಜಾಗದಲ್ಲಿ. ಅದನ್ನು ಫೇಡರಿನಿಂದ ತುಂಬಿಸಲು ಆಗುವುದಿಲ್ಲ.

ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಬಾಕ್ಸಿನಿಂದ 4 ಮೀಟರ್ ದೂರದಲ್ಲಿ 100 ಡೆಸಿಬೆಲ್ ಇದ್ದರೆ 8ರಲ್ಲಿ 94, 16ರಲ್ಲಿ 88, 32 ಮೀಟರಿನಲ್ಲಿ 82. ಹಿಂದಿನವರಿಗಾಗಿ ಮುಂದಿನ ಬಾಕ್ಸನ್ನೇ ಏರಿಸುತ್ತಾ ಹೋದರೆ ಮುಂದೆ ಕೂತವರ ಕಿವಿ ಹೋಗುತ್ತದೆ. ಕಿವಿಗೆ ಎರಡು ಪಟ್ಟು ಜೋರು ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅದಕ್ಕೆ ಪವರ್ 10 ಪಟ್ಟು ಬೇಕು. ಅಷ್ಟು ಖರ್ಚಿನ ಬದಲು ಬಯಲಿನ ನಡುವೆ ಇನ್ನೊಂದು ಜೊತೆ ಬಾಕ್ಸ್ ನಿಲ್ಲಿಸಿ, ಅದಕ್ಕೆ ಡಿಲೇ ಹಾಕಿ, ಅಂದರೆ ವೇದಿಕೆಯ ಸದ್ದು ಅಲ್ಲಿಗೆ ಮುಟ್ಟುವ ಹೊತ್ತಿಗೇ ಅದೂ ಕೇಳುವ ಹಾಗೆ ತಡಮಾಡಿ ಬಿಡಿ. ನಮ್ಮ ಕಡೆಯ ಸೆಕೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 349 ಮೀಟರ್ ಹೋಗುತ್ತದೆ. ಹಾಗಾಗಿ ವೇದಿಕೆಯ ಬಾಕ್ಸಿನಿಂದ 35 ಮೀಟರ್ ದೂರದ ಬಾಕ್ಸಿಗೆ 100 ಮಿಲಿಸೆಕೆಂಡ್. ಡಿಲೇ ಹಾಕದೆ ಇಟ್ಟರೆ ಒಂದೇ ಅಕ್ಷರ ಎರಡು ಸಲ ಕೇಳಿ ಮಾತು ಕಲಸಿಹೋಗುತ್ತದೆ. ಉತ್ಸವದ ಗದ್ದೆಗಳಲ್ಲಿ ಹಿಂದೆ ಕೂತವರಿಗೆ ಪದ್ಯ ಅರ್ಥವಾಗದಿರುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ.

ಎಕೋ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ದಯವಿಟ್ಟು ಹಾಕಬೇಡಿ. ಬ್ಲೂಸ್ ಮಾತಿನ ಹಾಡು.

ಯಾಕೆ ಎಂದು ತಿಳಿಯಲು ಬ್ಲೂಸ್ ಹಾಡಿನ 12 ಬಾರ್‌ನ ಕಟ್ಟು ನೋಡಿದರೆ ಸಾಕು. ಬಾರಿಗೆ ನಾಲ್ಕು ಪೆಟ್ಟು, ಒಟ್ಟು 48. ನಮ್ಮ ಆದಿತಾಳದ ಆರು ಆವರ್ತಕ್ಕೆ ಸಮ. ಎ ಶ್ರುತಿಯಲ್ಲಿ ನುಡಿಸುವುದಾದರೆ ಮೊದಲ ನಾಲ್ಕು ಬಾರ್ ಎ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಬಳಿಕ ಎರಡು ಡಿ, ಎರಡು ಎ, ಒಂದು ಇ, ಒಂದು ಡಿ, ಕೊನೆಯ ಎರಡರಲ್ಲಿ ಎಗೆ ಬಂದು ಮತ್ತೆ ಇ ಮುಟ್ಟಿ ಸುತ್ತು ತಿರುಗಿಸುವುದು. ಸಾಹಿತ್ಯ ಮೂರು ಸಾಲು: ಒಂದು ಸಾಲು, ಅದೇ ಸಾಲು ಮತ್ತೊಮ್ಮೆ, ಆಮೇಲೆ ಅದಕ್ಕೆ ಉತ್ತರ. ಸಾಲಿಗೆ ನಾಲ್ಕು ಬಾರ್ ಇದ್ದರೂ ಹಾಡುವುದು ಹೆಚ್ಚುಕಮ್ಮಿ ಎರಡರಲ್ಲಿ ಮಾತ್ರ. ಉಳಿದ ಎರಡು ಬಾರ್ ಗಿಟಾರಿನದೋ ಹಾರ್ಮೋನಿಕಾದ್ದೋ ಉತ್ತರ. ಬ್ಲೂಸ್‌ನ ಹೆಸರಾಂತ ಗಾಯಕ, ಗಿಟಾರ್ ವಾದಕ ಬಿ.ಬಿ. ಕಿಂಗ್ ಹಾಡುವಾಗ ನುಡಿಸುತ್ತಿರಲಿಲ್ಲ, ನುಡಿಸುವಾಗ ಹಾಡುತ್ತಿರಲಿಲ್ಲ. ಒಂದು ಸಾಲು ಅವರದು, ಒಂದು ಸಾಲು ಲೂಸಿಲ್ ಎಂದು ಅವರು ಕರೆಯುತ್ತಿದ್ದ ಗಿಟಾರಿನದು. ಆ ಉತ್ತರ ಗಾಯಕನ ದನಿಯ ಮಟ್ಟದಲ್ಲೇ ಕೇಳಬೇಕು. ಎಕೋದ ಬಾಲ ಆ ಜಾಗಕ್ಕೆ ಚಾಚಿಕೊಂಡರೆ ಉತ್ತರ ಕೊಡುವ ತಂತಿಗೆ ನಿಲ್ಲಲು ಎಡೆ ಎಲ್ಲಿ?

ಆಟ ನೋಡಿ ಬೆಳೆದವರಿಗೆ ಇದು ಹೊಸದಲ್ಲ. ಕರುಣರಸದ ಪದ್ಯಕ್ಕೆ ಚೆಂಡೆ ಸುಮ್ಮನಾಗುತ್ತದೆ, ಮದ್ದಳೆ ಒಂದೇ ಭಾಗವತರ ಬೆನ್ನಿಗೆ ನಿಲ್ಲುತ್ತದೆ. ಆ ಪದ್ಯದ ನಂತರ ವೀರರಸಕ್ಕೆ ಚೆಂಡೆ ಬಿದ್ದಾಗ ಅರೆನಿದ್ರೆಯಲ್ಲಿದ್ದ ಮಗುವೂ ಎದ್ದು ಕೂರುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯ ಜನಕ್ಕೆ ಇದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಭಾಗವತರ ಜಾಗಟೆಯನ್ನು ಹಿಮ್ಮೇಳದವರು ನೋಡುವ ಹಾಗೆಯೇ ಬ್ಲೂಸ್ ಬ್ಯಾಂಡಿನವರು ಮುಖ್ಯ ಗಾಯಕನ ಕೈಯನ್ನು ನೋಡುತ್ತಿರುತ್ತಾರೆ. ಅಂಗೈ ಕೆಳಗೆ ಮಾಡಿದರೆ ಇಳಿಸಿ ಎಂದು. ಆದ್ದರಿಂದ ಡ್ರಮ್ಮರಿಗೂ ಗಾಯಕನಿಗೂ ನಡುವೆ ಹೊಗೆ ಯಂತ್ರ ಇಡಬೇಡಿ, ಕಣ್ಣಿಗೆ ಕುಕ್ಕುವ ಲೈಟು ಬಿಡಬೇಡಿ.

ಸ್ವರದ ವಿಷಯದಲ್ಲೂ ನಮಗೆ ನೆಂಟಸ್ತಿಕೆ ಇದೆ. ಬ್ಲೂ ನೋಟ್ ಎನ್ನುವುದು ಹಾರ್ಮೋನಿಯಂನ ಎರಡು ಮನೆಗಳ ಎಡೆಯಲ್ಲಿ ನಿಲ್ಲುವ ಸ್ವರ, ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ. ಅಲ್ಲಿಗೆ ತಲುಪಲು ಗಿಟಾರಿನವರು ತಂತಿಯನ್ನು ಅಡ್ಡಕ್ಕೆ ಎಳೆಯುತ್ತಾರೆ, ನಮ್ಮ ವೀಣೆಯವರ ಹಾಗೆಯೇ. ಮತ್ತೆ, ಈ ಹಾಡು ಹುಟ್ಟಿದ್ದೇ ಹೊಲದಲ್ಲಿ ದುಡಿಯುತ್ತಾ ಒಬ್ಬರು ಕೂಗಿ ಉಳಿದವರು ಓಗೊಡುವ ಪದ್ಧತಿಯಿಂದ. ಗದ್ದೆಯಲ್ಲಿ ನೇಜಿ ನೆಡುವಾಗಿನ ಓಬೇಲೆ ಹಾಡು ಕೇಳಿದ ಕಿವಿಗೆ ಅದರ ಗುರುತು ಹತ್ತದೆ ಇರದು. ಗುಲಾಮಗಿರಿಯ ಆ ನೋವು ನಮ್ಮದಲ್ಲ, ಅದನ್ನು ನಮ್ಮದೆಂದು ಹೇಳಿಕೊಳ್ಳುವುದೂ ಸರಿಯಲ್ಲ. ಕೇಳುವ ಕಿವಿ ಮಾತ್ರ ನಮ್ಮಲ್ಲಿ ತಯಾರಿದೆ.

ಜೋರೂ ಬ್ಲೂಸ್‌ನದ್ದೇ, ಅದನ್ನು ಮರೆಯಬಾರದು. ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ 1943ರಲ್ಲಿ ಮಿಸಿಸಿಪ್ಪಿಯಿಂದ ಷಿಕಾಗೋಗೆ ಹೋದ ಮೇಲೆ ವಿದ್ಯುತ್ ಗಿಟಾರ್ ಹಿಡಿದದ್ದು ಅಲ್ಲಿನ ಹೋಟೆಲು, ಬಾರುಗಳ ಗದ್ದಲದಲ್ಲಿ ಬರೀ ಗಿಟಾರ್ ಕೇಳುತ್ತಿರಲಿಲ್ಲ ಎಂದೇ. ಹಾರ್ಮೋನಿಕಾದವರೂ ಮೈಕನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದು ಆಂಪಿಗೆ (ಆಂಪ್ಲಿಫೈಯರಿಗೆ) ಕೊಟ್ಟರು. ಈ ಮುಚ್ಚಿ ಹಿಡಿಯುವುದು ಹಾರ್ಮೋನಿಕಾಕ್ಕೆ ಸರಿ, ಹಾಡುವವರಿಗೆ ಅಲ್ಲ. ಹಾಡುವ ಮೈಕಿನ ಜಾಲರಿಯನ್ನು ಅಂಗೈಯಿಂದ ಮುಚ್ಚಿದರೆ ಹಿಂದಿನ ಸದ್ದನ್ನು ತಡೆಯುವ ಅದರ ಗುಣವೇ ಹೋಗಿ, ಎಲ್ಲ ದಿಕ್ಕಿನಿಂದ ಹೀರಿ ಕೂಯ್ ಅನ್ನುತ್ತದೆ.

ಈಗ ಕರೆಂಟು. ಅಮೆರಿಕದ ಹಳೇ ಆಂಪ್ ಬಂದರೆ 120 ವೋಲ್ಟಿನದ್ದು. ದೊಡ್ಡ ವಾಲ್ವ್ ಆಂಪಿಗೆ 500 ವಿಎ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಡಿ, ಸಣ್ಣದರಲ್ಲಿ ಸುಧಾರಿಸಲು ಹೋಗಬೇಡಿ. ಸೋಲ್ ಬ್ಯಾಂಡಿನವರು ಹ್ಯಾಮಂಡ್ ಆರ್ಗನ್ ಕೇಳಿದರೆ ಇನ್ನೊಂದು ತೊಡಕಿದೆ. ಹಳೇ ಹ್ಯಾಮಂಡಿನ ಒಳಗೆ ಹಲ್ಲಿನ ಚಕ್ರಗಳನ್ನು ತಿರುಗಿಸುವ ಮೋಟಾರಿನ ವೇಗ ಕರೆಂಟಿನ ಹರ್ಟ್ಸ್ ಮೇಲೆ ನಿಂತಿದೆ. ಅಮೆರಿಕದಲ್ಲಿ 60, ನಮ್ಮಲ್ಲಿ 50. ವೋಲ್ಟ್ ಮಾತ್ರ ಇಳಿಸಿ ಕೊಟ್ಟರೆ ಚಕ್ರ ಆರರಲ್ಲಿ ಐದು ಪಾಲು ವೇಗದಲ್ಲಿ ತಿರುಗಿ, ಶ್ರುತಿ ಸುಮಾರು ಮೂರು ಮನೆ ಕೆಳಗೆ ಇಳಿಯುತ್ತದೆ. ಟ್ಯೂನ್ ಮಾಡುವ ತಿರುಗಣೆ ಏನೂ ಇಲ್ಲ. ಹರ್ಟ್ಸ್ ಬದಲಿಸುವ ಕನ್ವರ್ಟರೇ ಬೇಕು. ಅದಿಲ್ಲದಿದ್ದರೆ ಹ್ಯಾಮಂಡ್ ದನಿಯ ಡಿಜಿಟಲ್ ಕೀಬೋರ್ಡ್ ತರಿಸಿ ಎಂದು ಮುಂಚೆಯೇ ಒಪ್ಪಂದದಲ್ಲಿ ಬರೆಸಿಕೊಳ್ಳಿ.

ಗಿಟಾರಿನಲ್ಲಿ ಗುಂಯ್ ಎನ್ನುವ ಸದ್ದು ಬಂದರೆ ನಮ್ಮವರು ಮಾಡುವ ಅಪಾಯದ ಕೆಲಸ ಪ್ಲಗ್ಗಿನ ಅರ್ತ್ ಪಿನ್ ಬಿಡಿಸುವುದು. ಗುಂಯ್ ನಿಲ್ಲಬಹುದು. ಆದರೆ ಗಿಟಾರಿನವ ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದಾಗ ಶಾಕ್ ಅವನ ಮೈಯಲ್ಲೇ ಹಾದು ಹೋಗಬಹುದು. ಉಪ್ಪುನೀರು, ಒದ್ದೆ ಮರಳು, ಬರಿಗಾಲು ಇರುವ ಕಡಲ ಕರೆಯಲ್ಲಿ ಇದು ಪ್ರಾಣದ ಪ್ರಶ್ನೆ. ಲೈಟಿಗೆ ಒಂದು ಲೈನು, ಸೌಂಡಿಗೆ ಬೇರೆ ಲೈನು, ಸೌಂಡಿನ ಎಲ್ಲಾ ಸಾಮಾನಿಗೆ ಒಂದೇ ಅರ್ತ್, ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ. ಪ್ರತಿ ಬ್ಯಾಂಡ್ ಹತ್ತುವ ಮೊದಲು ಮೀಟರಿನ ಒಂದು ಕಡ್ಡಿ ಗಿಟಾರಿನ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಹಿಡಿದು ವೋಲ್ಟ್ ನೋಡಿ. ಅರ್ಧ ನಿಮಿಷದ ಕೆಲಸ.

ಸೋಲ್ ಬ್ಯಾಂಡಿನ ಲೆಕ್ಕ ಬೇರೆ. ಒಂಬತ್ತು ಹತ್ತು ಜನ: ಡ್ರಮ್ಸ್, ಬಾಸ್, ಗಿಟಾರ್, ಆರ್ಗನ್, ಟ್ರಂಪೆಟ್ಟು, ಸ್ಯಾಕ್ಸೋಫೋನು, ಹಿಂದೆ ಹಾಡುವವರು. ಚರ್ಚಿನ ಹಾಡಿನಿಂದ ಬಂದದ್ದು, ಹಾಗಾಗಿ ಒಬ್ಬರು ಹೇಳಿಕೊಟ್ಟು ಉಳಿದವರು ಹೇಳುವ ನಮ್ಮ ಭಜನೆಯ ಕ್ರಮ ಇದರಲ್ಲೂ ಇದೆ. ಹಿಂದೆ ಹಾಡುವವರ ಮೈಕನ್ನು ಕಡಿಮೆ ಇಟ್ಟರೆ ಕೂಗು ಮಾತ್ರ ಉಳಿದು ಓಗೊಡುವವರು ಮಾಯ. ಮೆಂಫಿಸಿನ ಸ್ಟ್ಯಾಕ್ಸ್ ಸ್ಟುಡಿಯೋದ ಡ್ರಮ್ಮರ್ ಅಲ್ ಜಾಕ್ಸನ್ ಎರಡನೇ ಮತ್ತು ನಾಲ್ಕನೇ ಪೆಟ್ಟನ್ನು ಕೂದಲೆಳೆಯಷ್ಟು ತಡಮಾಡಿ ಹಾಕುತ್ತಿದ್ದರು. ಆ ಶೈಲಿಯ ಜೀವವೇ ಆ ತಡ. ಜನ ಚಪ್ಪಾಳೆ ತಟ್ಟಬೇಕಾದ್ದೂ ಎರಡು ಮತ್ತು ನಾಲ್ಕಕ್ಕೆ. ನಮಗೆ ಒಂದನೇ ಪೆಟ್ಟಿಗೆ ಕೈ ತಟ್ಟಿ ರೂಢಿ, ಸಾವಿರ ಕೈ ಒಂದಕ್ಕೆ ಬಿದ್ದರೆ ಡ್ರಮ್ಮರನ್ನೇ ಎಳೆದುಕೊಂಡು ಹೋಗುತ್ತದೆ. ಮೊದಲ ಹಾಡಿನಲ್ಲೇ ವೇದಿಕೆಯಿಂದ ಒಬ್ಬರು ತೋರಿಸಿಕೊಟ್ಟರೆ ಸಾಕು, ಜನ ಹಿಡಿದುಕೊಳ್ಳುತ್ತಾರೆ.

ಹೀಗಾಗಿ ಮೂರು ದಿನದ ಕ್ರಮ ಹೇಗಿರಬೇಕು ಎಂದು ಕೇಳಿದರೆ: ಮೊದಲ ದಿನ ಒಂಟಿ ಗಿಟಾರ್, ಹಾರ್ಮೋನಿಕಾ, ಸಣ್ಣ ತಂಡಗಳು. ಎರಡನೇ ದಿನ ಷಿಕಾಗೋ ಬಗೆಯ ವಿದ್ಯುತ್ ಬ್ಯಾಂಡ್. ಮೂರನೇ ದಿನ ಸೋಲ್. ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆಂದು ದೊಡ್ಡ ಬ್ಯಾಂಡನ್ನು ಮೊದಲ ದಿನವೇ ಹತ್ತಿಸಿದರೆ, ಮರುದಿನ ಒಂದೇ ಗಿಟಾರ್ ಹಿಡಿದು ಕೂತವರ ಹಾಡು ಯಾರ ಕಿವಿಗೂ ಹೋಗದು. ಮೆಲ್ಲನೆಯದನ್ನು ಕೇಳುವ ತಾಳ್ಮೆ ಜನಕ್ಕೆ ಮೊದಲ ದಿನವೇ ಕೂರಬೇಕು.

ಸಮಯ ಕಟ್ಟುನಿಟ್ಟು. ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ಕಾನೂನಿನ ತಡೆ ಇದೆ, ವಿಶೇಷ ಅನುಮತಿ ಸಿಕ್ಕೀತು ಎಂಬ ಭರವಸೆಯ ಮೇಲೆ ಪಟ್ಟಿ ಹಾಕಬೇಡಿ. ಡಿಸೆಂಬರಿನಲ್ಲಿ ಸಂಜೆ 5:15ಕ್ಕೆ ಮೊದಲ ತಂಡ, 45 ನಿಮಿಷ. 6ಕ್ಕೆ ನಿಲ್ಲಿಸಿ. ಅದು ಮಗ್ರಿಬ್ ಬಾಂಗಿನ ಹೊತ್ತು, ದೇವಸ್ಥಾನದ ದೀಪಾರಾಧನೆಯ ಹೊತ್ತು, ಆ ಅರ್ಧ ಗಂಟೆ ವೇದಿಕೆ ಬದಲಿಸಲು ಹೇಳಿ ಮಾಡಿಸಿದ ಹಾಗಿದೆ. 6:35ರಿಂದ 7:35 ಎರಡನೆಯವರು. ಮತ್ತೆ ಅರ್ಧ ಗಂಟೆ ಬದಲಾವಣೆ, ಆ ಹೊತ್ತಿಗೆ ಬಯಲಿನ ಇನ್ನೊಂದು ತುದಿಯಲ್ಲಿ ಚಾಪೆ ಹಾಸಿ 60–70 ಜನ ಕೂರುವ ಕಿರುವೇದಿಕೆಯಲ್ಲಿ ಒಬ್ಬರೇ ಹಾಡಲಿ. ಆಗ ದೊಡ್ಡ ವೇದಿಕೆಯ ಮೈಕ್ ಪರೀಕ್ಷೆಯೆಲ್ಲ ಹೆಡ್‌ಫೋನಿನಲ್ಲಿ, ಹೊರಗಿನ ಬಾಕ್ಸ್ ಪೂರ್ತಿ ಬಂದ್. 8:05ರಿಂದ 9:20 ಕೊನೆಯ ತಂಡ. ಜನ ಬಿಡದಿದ್ದರೆ ಇನ್ನೊಂದೆರಡು ಹಾಡಿಗೆ 10ರ ಒಳಗೆ ಜಾಗ ಉಳಿಯುತ್ತದೆ. ಡ್ರಮ್ಸ್, ಆಂಪ್, ಕೀಬೋರ್ಡ್ ಎಲ್ಲರಿಗೂ ಒಂದೇ ಇರಲಿ. ಬ್ಯಾಂಡಿಗೊಂದು ಡ್ರಮ್ ಸೆಟ್ ಇಳಿಸಿ ಏರಿಸಲು ಹೋದರೆ ಅರ್ಧ ಗಂಟೆ ಒಂದು ಗಂಟೆಯಾಗುತ್ತದೆ, ಕೊನೆಗೆ ಕತ್ತರಿ ಬೀಳುವುದು ಮುಖ್ಯ ಕಲಾವಿದರ ಹಾಡಿಗೆ.

ಕೊನೆಯ ತಂಡ ಹತ್ತುವಾಗ ಸಂಜೆಯ ಸೆಕೆ ಇಳಿದಿರುತ್ತದೆ. ತಣ್ಣಗಾದಂತೆ ತಂತಿಯ ಶ್ರುತಿ ಏರುತ್ತದೆ, ಊದುವ ವಾದ್ಯದ ಶ್ರುತಿ ಇಳಿಯುತ್ತದೆ. ನಾಲ್ಕು ಗಂಟೆಗೆ ಸರಿ ಮಾಡಿದ್ದು ಎಂಟು ಗಂಟೆಗೆ ಎರಡು ದಿಕ್ಕಿಗೆ ಜಾರಿರುತ್ತದೆ. ಪರದೆಯ ಹಿಂದೆ ನಿಂತೇ ಇನ್ನೊಮ್ಮೆ ಕೂಡಿಸಿಕೊಳ್ಳಲು ಅವರಿಗೆ ಐದು ನಿಮಿಷ ಕೊಡಿ. ಆ ಐದು ನಿಮಿಷ ನಿರೂಪಕರು ಮಾತಾಡದೆ ಇರಲಿ.