ಹೊಂದ್ಕೊಂಡು ಹೋಗು ಅನ್ನೋಕ್ ಮುಂಚೆ

ಜರ್ಮನೀಲಿ ಡೈವೋರ್ಸ್ ಬೇಕು ಅಂದ್ರೆ ಸಾಮಾನ್ಯವಾಗಿ ಗಂಡ ಹೆಂಡ್ತಿ ಮೊದ್ಲು ಒಂದು ವರ್ಷ ಬೇರೆ ಇರ್ಬೇಕು. ಬೇರೆ ಅಂದ್ರೆ ಬೇರೆ ಮನೇನೇ ಆಗ್ಬೇಕು ಅಂತಿಲ್ಲ, ನಾನಿರೋ ಸ್ಟುಟ್‌ಗಾರ್ಟಲ್ಲಿ ಬಾಡಿಗೆ ಕೇಳಿದ್ರೆ ಇನ್ನೊಂದು ಮನೆ ಮಾಡೋ ಧೈರ್ಯ ಯಾರಿಗೂ ಬರಲ್ಲ ಬಿಡಿ, ಒಂದೇ ಮನೇಲಿ ಬೇರೆ ಬೇರೆ ರೂಮಲ್ಲಿದ್ರೂ ನಡೆಯುತ್ತೆ, ಆದ್ರೆ ಒಬ್ರಿಗೊಬ್ರು ಅಡುಗೆ ಮಾಡಂಗಿಲ್ಲ, ಬಟ್ಟೆ ಒಗೆಯಂಗಿಲ್ಲ. ನಮ್ಮ ಪಕ್ಕದ್ಮನೆಯವ್ರು ಹೀಗೇ ಇದ್ರು, ಫ್ರಿಜ್ಜಲ್ಲಿ ಮೇಲಿನ ಅರೆ ಅವಳದು ಕೆಳಗಿಂದು ಅವನದು, ಹಾಲಿನ ಪ್ಯಾಕೆಟ್ಟೂ ಎರಡು. ನಡುವೆ ಮನಸ್ಸು ಬದಲಾಗಿ ಸ್ವಲ್ಪ ದಿನ, ಸುಮಾರು ಮೂರು ತಿಂಗಳ ತನಕ ಅಂದ್ಕೊಳಿ, ಒಟ್ಟಿಗೆ ಇದ್ದು ನೋಡಿ ಆಗ್ಲಿಲ್ಲ ಅಂದ್ರೂ ಆ ವರ್ಷದ ಲೆಕ್ಕ ಮತ್ತೆ ಮೊದಲಿಂದ ಶುರುವಾಗಲ್ಲ. ಇದು ನಂಗೆ ಬಹಳ ಹಿಡಿಸ್ತು.

ಹಾಗ್ ನೋಡಿದ್ರೆ ನಮ್ ಕಾನೂನಲ್ಲೂ ಟೈಮ್ ಇದೆ. 1955ರ ಹಿಂದೂ ವಿವಾಹ ಕಾಯ್ದೆ ಸೆಕ್ಷನ್ 13ಬಿ ಪ್ರಕಾರ ಇಬ್ರೂ ಒಪ್ಪಿದ್ರೂ ವರ್ಷ ಬೇರೆ ಇರ್ಬೇಕು, ಅರ್ಜಿ ಹಾಕಿದ್ಮೇಲೆ ಇನ್ನಾರು ತಿಂಗಳು, ಆ ಆರು ತಿಂಗಳನ್ನ ಕೋರ್ಟ್ ಬೇಕಾದ್ರೆ ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ರೆ ಹಾಸನದ ಕಡೆ ಹುಡುಗಿ ಮುನಿಸ್ಕೊಂಡು ತವರಿಗೆ ಬಂದ್ಲು ಅಂದ್ರೆ ವಾರದೊಳಗೆ ಪಂಚಾಯ್ತಿ ಸೇರುತ್ತೆ. ಆಲೂರಿನ ಹತ್ರ ನಮ್ಮ ಸಂಬಂಧಿಕರ ಮನೇಲಿ ಒಂದು ನೋಡಿದೀನಿ. ಹಾಲ್ ತುಂಬ ಗಂಡಸ್ರು, ದೊಡ್ಡಪ್ಪ, ಮಾವ, ಮದ್ವೆ ಕುದುರ್ಸಿದೋರು, ವಿಚಾರಣೆ ಆಗ್ತಿದ್ದಿದ್ದು ಅವಳ ಬಾಳಿಂದು, ಅಷ್ಟೂ ಜನಕ್ಕೆ ಕಾಫಿ ಮಾಡಿ ತಂದ್ಕೊಟ್ಟಿದ್ದೂ ಅವಳೇ. ಯಾರು ಏನಂದ್ರು, ಯಾರ್ದು ತಪ್ಪು, ಎಲ್ಲಾ ಕೇಳಿದ್ರು, ಕೊನೇಗೆ "ಹೋಗ್ಲಿ ಬಿಡವ್ವ, ಹೊಂದ್ಕೊಂಡು ಹೋಗು, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಅಂದು ಊಟಕ್ಕೆದ್ರು. ಉಂಡು ಮಲಗಿ ಎದ್ಮೇಲೂ ಅದೇ ಮಾತು, ಅದೇ ಹಂಗಿಸೋದು ನಡೀತಿದ್ರೆ ಏನ್ ಮಾಡ್ಬೇಕು ಅಂತ ಯಾರೂ ಹೇಳ್ಲಿಲ್ಲ. (ಹಾಸನಾಂಬೆ ಗುಡೀಲಿ ಸೊಸೆ ಕಲ್ಲು ಇದೆಯಲ್ಲ, ಅತ್ತೆ ಕಾಟಕ್ಕೆ ಕಲ್ಲಾದೋಳು ವರ್ಷಕ್ಕೊಂದು ಅಕ್ಕಿಕಾಳಿನಷ್ಟು ದೇವಿ ಕಡೆ ಸರೀತಾಳೆ ಅಂತಾರೆ. ಆ ಕಥೇಲಿ ಗಂಡ ಎಲ್ಲಿದ್ದ ಅಂತ ಚಿಕ್ಕೋನಿದ್ದಾಗ ಅಜ್ಜಿನ ಕೇಳಿದ್ದೆ, ಸುಮ್ನಿರೋ ಅಂದಿದ್ರು.)

ಸಂಸಾರ ಸರಿಹೋಗುತ್ತಾ ಇಲ್ವಾ ಅಂತ ಹೇಳಕ್ಕೆ ಜಗಳ ಎಷ್ಟು ದೊಡ್ದು ಅನ್ನೋದಕ್ಕಿಂತ ಮಾರನೇ ದಿನ ಏನಾಗುತ್ತೆ ಅಂತ ನೋಡ್ಬೇಕು ಅನ್ನೋದು ನನ್ನ ಅನಿಸಿಕೆ. "ನಿನ್ನೆ ನಾನಂದಿದ್ದು ಜಾಸ್ತಿ ಆಯ್ತು ಕಣೆ" ಅಂತ ಯಾರಾದ್ರೂ ಒಬ್ರು ವಾಪಸ್ ಬರ್ತಾರಾ, ಬಂದ್ರೆ ಇನ್ನೊಬ್ರು ಅದನ್ನ ಒಳಗೆ ಬಿಟ್ಕೊಳ್ತಾರಾ? ಅಮೆರಿಕದ ಜಾನ್ ಗಾಟ್ಮನ್ ಅಂತ ಸೈಕಾಲಜಿಸ್ಟು, ಸಿಯಾಟಲ್‌ನ ಲ್ಯಾಬಲ್ಲಿ ಜೋಡಿಗಳನ್ನ ಕೂರ್ಸಿ ವಾದ ಮಾಡ್ಸಿ ರೆಕಾರ್ಡ್ ಮಾಡಿ ನೋಡಿದೋರು, ಅವ್ರೂ ಸುಮಾರು ಇದನ್ನೇ ಹೇಳ್ತಾರೆ. ಸಿಟ್ಟಿಂದ ಅಷ್ಟು ಮುರಿಯಲ್ಲ, ಎಲ್ಲಕ್ಕಿಂತ ಕೆಟ್ಟದ್ದು ತಾತ್ಸಾರ. "ನಿಮ್ಮಪ್ಪನ ಮನೇಲಿ ಏನಿತ್ತು ಅಂತ ಗೊತ್ತು ಬಿಡು" ಅನ್ನೋದು, ಮಾತಾಡ್ತಿದ್ರೆ ಮೂಗು ಮುರಿಯೋದು, ನೆಂಟರ ಮುಂದೆ ಹೆಂಡ್ತಿ ಮಾತನ್ನ ಅಣಕಿಸಿ ನಗ್ಸೋದು, ನಮ್ಮಲ್ಲಿ ಇದನ್ನ ತಮಾಷೆ ಅಂತಾರೆ, ನಂಗೆ ಕೂಗಾಟಕ್ಕಿಂತ ಇದೇ ಭಯ.

ಕೈ ಎತ್ತೋದು, ಹೆದ್ರಸೋದು ಇದ್ರೆ ಈ ಲೆಕ್ಕ ಯಾವ್ದೂ ಬೇಡ. ಮೊದ್ಲು ಅಲ್ಲಿಂದ ಹೊರಗೆ ಬರ್ಬೇಕು, ಮಹಿಳಾ ಸಹಾಯವಾಣಿ 181 ಇದೆ, 2005ರ ಕೌಟುಂಬಿಕ ಹಿಂಸೆ ಕಾಯ್ದೆ ಇದೆ.

ಹಂಗಂತ ಇಲ್ಲಿ ಜರ್ಮನಿಯೋರದ್ದೇ ಸರಿ ಅಂತಲ್ಲ. ಆ ಪಕ್ಕದ್ಮನೆಯೋರು ವರ್ಷಪೂರ್ತಿ ಇಬ್ರೇ ಗೋಡೆ ನೋಡ್ಕೊಂಡಿದ್ರು, ಎರಡು ಕಡೆ ಅಪ್ಪ ಅಮ್ಮ ಒಂದಿನ ಬಂದು ಕೂತಿದ್ದು ನಾನು ನೋಡ್ಲಿಲ್ಲ. ನಮ್ಮೂರಲ್ಲಿ ಜನ ಬರ್ತಾರೆ, ಅದು ದೊಡ್ಡದು, ಆದ್ರೆ ಬರೋರು ಒಂದೇ ಮಧ್ಯಾಹ್ನದಲ್ಲಿ ಮುಗಿಸ್ಬೇಕು ಅಂತ ಬರ್ತಾರೆ. ಹತ್ತು ಜನದ ಬದ್ಲು ಇಬ್ರೂ ಒಪ್ಪೋ ಒಬ್ರು ಸಾಕು, ಅತ್ತೆ ಮನೆ ಪೈಕಿ ಅಲ್ಲದೋರಾದ್ರೆ ಒಳ್ಳೇದು, ಯಾರೂ ಇಲ್ಲಾಂದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಧ್ಯಸ್ಥಿಕೆಗೆ ಕೇಳ್ಬೋದು. ಬೇರೆ ಬೇರೆಯಾಗಿ ಮಾತಾಡ್ಸಿ, ಆರು ತಿಂಗಳು ಬಿಟ್ಟು ಮತ್ತೆ ಕೇಳಿ, ಮಾತಿನ ಧಾಟಿ ಬದಲಾಗಿದ್ಯಾ ಅಂತ. ಆಗಿಲ್ಲ ಅಂದ್ರೆ ಮನೆ ಮರ್ಯಾದೆ ಅಂತ ಅವಳ ತಲೆ ಮೇಲೆ ಹೊರ್ಸದೆ 13ಬಿ ಕಾಗದಕ್ಕೆ ಲಾಯರ್ ಹತ್ರ ನೀವೇ ಜೊತೇಲಿ ಹೋಗಿ.